ಕೆಂಚಪ್ಪನ ಕಂಚಿನ ಬಿಲ್ಲೆ

ಬಳ್ಳಾರಿ ಕಡೆಯ ಕೆಂಚಪ್ಪ ಬರ್ಮಾ ಯುದ್ಧಕ್ಕೆ ಹೋಗಿಬಂದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಹೋಗುವಾಗ ಮೀಸೆ ಮೂಡಿರಲಿಲ್ಲವಂತೆ. ಬರುವಾಗ ಎದೆಯ ಮೇಲೆ ರಾಣಿಯ ಮುಖದ ಬಿಲ್ಲೆ, ಬಲಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಬಂದೂಕು ಒದ್ದೂ ಒದ್ದೂ ಆದ ಗಂಟು ಎಂದು ಮನೆಯವರೇ ಹೇಳಿಕೊಂಡರು. ಕೆಂಚಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಯಾರಾದರೂ ಯುದ್ಧದ ಮಾತು ತೆಗೆದರೆ "ದಾರಿ ಭಾಳ ಕೆಸರಿತ್ತು" ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದ.

ಆ ಬಿಲ್ಲೆ ಈಗ ಅವನ ಮರಿಮಗ ಸಿದ್ರಾಮಪ್ಪನ ಕೈಯಲ್ಲಿ, ಹಾಲೆಂಡಿನ ಐಂಡ್‌ಹೋವನ್‌ನಲ್ಲಿರುವ ಮಗಳು ದೀಕ್ಷಾಳ ಅಡುಗೆಮನೆಯಲ್ಲಿ. ಮೂರು ತಿಂಗಳಿಗೆಂದು ಬಂದ ಮುದುಕ, ಕೊರೊನಾದ ದೆಸೆಯಿಂದ ದಸರೆಗೂ ಅಲ್ಲೇ ಉಳಿದಿದ್ದ. ಎಲ್ಲಿ ಹೋದರೂ ವಿಭೂತಿ ಚೀಲದೊಳಗೆ ಬಿಲ್ಲೆಯೂ ಹೋಗಬೇಕು. ಆಯುಧಪೂಜೆಗೆ ಅವರ ಮನೆಯಲ್ಲಿ ಕುಡುಗೋಲಿಗಿಂತ ಮೊದಲು ಅದಕ್ಕೇ ಪೂಜೆ. ಮೂರು ತಲೆಮಾರು ಹುಣಸೆಹಣ್ಣು ಹಚ್ಚಿ ತಿಕ್ಕಿ ರಾಣಿಗೆ ಮೂಗೇ ಉಳಿದಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ತಂಗಿಯ ಗಂಡ ಈಶ್ವರಪ್ಪ ಬಳ್ಳಾರಿಯಿಂದ ವಿಡಿಯೋ ಕರೆ ಮಾಡಿ ಕೆಣಕಿದ್ದ.

"ಭಾವಾರ, ತಾಮ್ರದ ಬಿಲ್ಲಿ ತಗೊಂಡು ಹಾಲೆಂಡ್ ತನಾ ಹೋಗೀರಲ್ಲ! ಸಿಪಾಯಿಗೆ ಕೊಟ್ಟಿದ್ದು ಬೆಳ್ಳಿದು ಅಂತ ನಾ ಓದೀನ್ರಿ. ನಿಮ್ಮ ಮುತ್ಯಾ ಸಂತ್ಯಾಗ ಕೊಂಡಿರಬೇಕು."

ಮುದುಕ ನಗಲಿಲ್ಲ. ಭಾನುವಾರ ಕನ್ನಡ ಬಳಗದ ಆನ್‌ಲೈನ್ ಕೂಟದಲ್ಲಿ ಮುತ್ಯಾ ಕೆಂಚಪ್ಪನ ಶೌರ್ಯದ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದ. ತಾನು ಹುಟ್ಟಿದಾಗಿನಿಂದ ಕೈಮುಗಿದ ಮುತ್ಯಾನೇ ಸುಳ್ಳನಾಗಿದ್ದರೆ?

ಆ ಯೋಚನೆಯಲ್ಲೇ ಕೈ ಜಾರಿ, ತೊಳೆದ ಬಿಲ್ಲೆ ಕಲಸಿಟ್ಟ ವಿಭೂತಿಯ ಬಟ್ಟಲಿಗೆ ಬಿತ್ತು. ಎತ್ತಿ ಒರೆಸತೊಡಗಿದ. ಮಗ್ಗುಲಲ್ಲಿದ್ದ ದೀಕ್ಷಾಗೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್ಪಿನ ಮೇಲಿನ ಕೂದಲೆಳೆಯಂಥ ಗೀರು ಹುಡುಕುವುದೇ ನೌಕರಿ.

"ಅಪ್ಪಾ, ಸಾಕ್ರಿ! ಒರಸಬ್ಯಾಡ್ರಿ! ಅಂಚಿನ್ಯಾಗ ಅಕ್ಷರ ಅದಾವ."

ಸೈಕಲ್ಲಿನ ದೀಪ ಕಳಚಿ ತಂದು ಓರೆಯಾಗಿ ಹಿಡಿದಳು. ಸವೆದ ಗೀರುಗಳಲ್ಲಿ ವಿಭೂತಿ ಕೂತು, ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಕೆಂಚಪ್ಪನ ಹೆಸರೇ. ಅದರ ಹಿಂದೆ ಅವನ ಕೆಲಸ: ಡೋಲಿ ಹೊರುವವ.

ದೀಕ್ಷಾ ಕಂಪ್ಯೂಟರಿನ ಮುಂದೆ ಮಧ್ಯಾಹ್ನದವರೆಗೆ ಕೂತು ಹುಡುಕಿದಳು. "ಇದು ಖರೇನ ಅದರೀ ಅಪ್ಪಾ. ಬಂದೂಕು ಹಿಡಿದವರಿಗೆ ಬೆಳ್ಳಿ, ಡೋಲಿ ಹೊತ್ತವರಿಗೆ ಕಂಚು."

"ಅಂದ್ರ ಮುತ್ಯಾ ಗುಂಡು ಹಾರಿಸಿಲ್ಲ?"

"ಇಲ್ರಿ. ಗುಂಡು ತಿಂದವರನ್ನ ಹೊತ್ತು ತಂದಾನ."

ಸಿದ್ರಾಮಪ್ಪ ಕುರ್ಚಿ ಹಿಡಿದು ನಿಧಾನಕ್ಕೆ ಕೂತ. ಕಣ್ಣ ಮುಂದೆ ಮೊಳಕಾಲುದ್ದದ ಕೆಸರು. ಭುಜದ ಮೇಲೆ ಬಿದಿರ ಗಳು, ಗಳುವಿಗೆ ಜೋತುಬಿದ್ದ ನರಳುವ ಜೀವ. ಅತ್ತಲಿಂದ ಗುಂಡು ಬರುತ್ತಿದೆ. ಓಡುವಂತಿಲ್ಲ, ಬಗ್ಗುವಂತಿಲ್ಲ, ಇಳಿಸುವಂತಿಲ್ಲ. ಮೀಸೆ ಮೂಡದ ಹುಡುಗ ಅದನ್ನು ದಿನಕ್ಕೆ ಎಷ್ಟು ಸಲ ನಡೆದನೋ!

ಸಂಜೆ ತಾನೇ ಈಶ್ವರಪ್ಪನಿಗೆ ಕರೆ ಮಾಡಿ ಎಲ್ಲ ಹೇಳಿದ.

"ಅಂದ್ರ ಸಿಪಾಯಿ ಅಲ್ಲೇನ್ರಿ?" ಈಶ್ವರಪ್ಪ ಕಿಸಕ್ಕೆಂದ.

"ಅಲ್ಲ. ಗುಂಡಿನ ಮಳ್ಯಾಗ ಬರಿಗೈಲೆ ನಡೆದವ. ನೀವು ನಡೀತಿದ್ರೇನು? ನಾ ಅಂತೂ ಇಲ್ಲಪ್ಪಾ."

ಈಶ್ವರಪ್ಪನ ದನಿ ಮೆತ್ತಗಾಯಿತು: "ಎಷ್ಟ್ ಮಂದಿನ್ನ ಹೊತ್ತಾನ್ರಿ, ಭಾವಾ?"

"ಅದನ್ನ ಯಾರೂ ಬರದಿಟ್ಟಿಲ್ಲ."

ಭಾನುವಾರ ಪರದೆಯ ಮೇಲೆ ನಲವತ್ತು ಮುಖಗಳು ಕಾದಿದ್ದವು. ಬರೆದುಕೊಂಡ ಹಾಳೆಯನ್ನು ಮಡಚಿ ಬದಿಗಿಟ್ಟು ಸಿದ್ರಾಮಪ್ಪ ಶುರುಮಾಡಿದ:

"ನಮ್ಮ ಮುತ್ಯಾ ಯುದ್ಧಕ್ಕ ಹೋಗಿ ಒಬ್ಬರನ್ನೂ ಕೊಂದಿಲ್ರಿ."