ಕೊನೆಯಿಲ್ಲದ ಪ್ರಹಸನ

ಬ್ರಿಟಿಷರ ಹಳೆಯ ಟಿವಿ ಹಾಸ್ಯ ಸರಣಿಯೊಂದರ ಹುಚ್ಚು ನನಗೆ ಇನ್ನೂ ಬಿಟ್ಟಿಲ್ಲ. ಅದರ ಪ್ರಹಸನಗಳಿಗೆ ಕೊನೆಯೇ ಇರುವುದಿಲ್ಲ. ಭಾರೀ ಗಂಭೀರವಾಗಿ ಶುರುವಾಗಿ ನಡುವಲ್ಲೇ ನಿಂತುಬಿಡುತ್ತವೆ. ಅಮೆರಿಕದ ಡರ್ಹಮ್‌ನ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ನಾನೂ ಅಂಥದ್ದೇ ಒಂದು ಬರೆದೆ.

"ಕೊನೆ ಇಲ್ದಿದ್ರೆ ಜನ ಯಾವಾಗ ನಗ್ಬೇಕು ಅಂಕಲ್?" ಅಂದಳು ನನ್ನ ಜೊತೆ ನಟಿಸುತ್ತಿದ್ದ ಶಾಲಿನಿ.

"ತಾವಾಗೇ ನಗ್ತಾರೆ, ನೋಡ್ತಿರು."

ನಗಲಿಲ್ಲ. ಬೆಲ್ಲವಿಲ್ಲದ ಬೇವು ತಿಂದವರಂತೆ ಮುನ್ನೂರು ಜನ ಸುಮ್ಮನೆ ಕೂತಿದ್ದರು. ನನ್ನ ಮಾನ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಸಂಘದ ಅಧ್ಯಕ್ಷರು ಮೈಕ್ ಹಿಡಿದು ವೇದಿಕೆಗೇ ನುಗ್ಗಿದರು.

"ಕೆಂಪು ವ್ಯಾನ್ ಯಾರದ್ರೀ? ಫೈರ್ ಇಂಜಿನ್ ಹೋಗೋ ಲೇನ್‌ನಲ್ಲಿದೆ, ಟೋ ಟ್ರಕ್ ಬಂದಿದೆ!"

ಸಭಾಂಗಣ ಘೊಳ್ಳೆಂದಿತು.

"ನಗ್ಬೇಡ್ರೀ, ನಿಜವಾಗ್ಲೂ ಎಳ್ಕೊಂಡು ಹೋಗ್ತಿದಾರೆ!"

ನಗು ಇಮ್ಮಡಿಯಾಯಿತು.

ವ್ಯಾನ್ ನನ್ನದೇ. ಆದರೆ ಓಡಿಹೋದರೆ ಇದು ಪ್ರಹಸನದ ಭಾಗವಲ್ಲವೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತಿತ್ತು. ಹಲ್ಲು ಕಚ್ಚಿ, ಕೈಮುಗಿದು ನಿಂತೆ. ಐನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೌದು, ಆಗಲೇ ಮುನ್ನೂರು ಅಂದಿದ್ದೆ. ಚಪ್ಪಾಳೆ ಮಾತ್ರ ಐನೂರು ಜನರದ್ದೇ.

ನನ್ನನ್ನು ಮನೆಗೆ ಬಿಟ್ಟವರು ಅಧ್ಯಕ್ಷರೇ. ದಾರಿಯುದ್ದಕ್ಕೂ ಬೈಯುತ್ತಾರೆ ಅಂದುಕೊಂಡಿದ್ದೆ. ನಾನು ಕಾರಿಂದ ಇಳಿಯುವಾಗ ಮೆಲ್ಲಗೆ ಕೇಳಿದರು: "ಮುಂದಿನ ವರ್ಷಾನೂ ನನಗೊಂದು ಪಾರ್ಟ್ ಇರುತ್ತೆ ತಾನೇ?"

"ಇರುತ್ತೆ ಸಾರ್. ಆದ್ರೆ ಆವಾಗ ಗಾಡಿ ನಿಮ್ದು."