ಮೈದಾನದ ನಡುವಿನ ಹುಣಸೆಮರ

ಮರ ಕೊಳ್ಳಲು ಹೋದವನು ಮೊದಲು ಮರವನ್ನು ನೋಡಬಾರದು. ಆಕಾಶ ನೋಡಬೇಕು, ಕಟ್ಟಡ ನೋಡಬೇಕು, ಅಲ್ಲಿ ಮಲಗಿರುವ ನಾಯಿಯನ್ನಾದರೂ ಮಾತಾಡಿಸಬೇಕು. ಮರದ ಮೇಲೆ ನಿಮಗೆ ಕಣ್ಣಿದೆ ಅಂತ ಮಾರುವವನಿಗೆ ಗೊತ್ತಾಯಿತೋ, ವ್ಯಾಪಾರ ಕೆಟ್ಟಿತು. ತಲೆಹೊರೆಯಲ್ಲಿ ಸೌದೆ ಮಾರುತ್ತ ಶುರುಮಾಡಿ ಒಂಟಿಕೊಪ್ಪಲಿನಲ್ಲಿ ಸ್ವಂತ ಸೌದೆ ಡಿಪೋ ಇಟ್ಟವನು ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿತ್ತು. ನಮ್ಮ ಕಡೆಯ ಹೈಸ್ಕೂಲಿನ ಆಟದ ಮೈದಾನದಲ್ಲಿ ಒಂದು ಹುಣಸೆಮರ ಇತ್ತು. ಬದಿಯಲ್ಲಲ್ಲ, ನಟ್ಟನಡುವೆ. ಹುಡುಗರು ಫುಟ್‌ಬಾಲ್ ಆಡುತ್ತಿದ್ದದ್ದು ಅದರ ಸುತ್ತಲೇ. ಚೆಂಡನ್ನು ಬೊಡ್ಡೆಗೆ ಒದೆಯೋದು, ತಾವು ಮರದ ಇನ್ನೊಂದು ಪಕ್ಕದಿಂದ ಓಡೋದು, ಪುಟಿದು ಬಂದ ಚೆಂಡನ್ನು ಹಿಡಿದು ಗೋಲಿಗೆ ಹೊಡೆಯೋದು. ಬೇರೆ ಶಾಲೆಯವರು ಬಂದರೆ ಚೆಂಡು ನೋಡುತ್ತ ಓಡಿ ಮರಕ್ಕೆ ಡಿಕ್ಕಿ ಹೊಡೆದು ಕೂರುತ್ತಿದ್ದರು. ಹೀಗಾಗಿ ಈ ಶಾಲೆ ತನ್ನ ಮೈದಾನದಲ್ಲಿ ಸೋತದ್ದಿಲ್ಲ, ಬೇರೆಯವರ ಮೈದಾನದಲ್ಲಿ ಗೆದ್ದದ್ದಿಲ್ಲ.

ಹೆಡ್‌ಮೇಷ್ಟ್ರಿಗೆ ಅದೇ ಚಿಂತೆ. ಊರಿನ ಒಂದು ಕಾಲೇಜಿನವರು ಚೆನ್ನಾಗಿ ಆಡುವ ಹೈಸ್ಕೂಲು ಹುಡುಗರನ್ನು ತಮ್ಮ ಟೀಮಿನ ಎದುರು ಆಡಿಸಿ ನೋಡಿ, ಮೆಚ್ಚಿದವರಿಗೆ ಸೀಟೂ, ಫೀಸು ಮಾಫಿ ಮಾಡುವ ಫ್ರೀಶಿಪ್ಪೂ ಕೊಡುತ್ತಿದ್ದರು. ಕಾಲೇಜು ಮೈದಾನದಲ್ಲಿ ಮರ ಎಲ್ಲಿಂದ ಬರಬೇಕು? "ಕಡಿದು ತಗೊಂಡು ಹೋಗಿ" ಅಂತ ನನ್ನನ್ನು ಕರೆಸಿದರು. ಮಾಂಸದಂಗಡಿಯಲ್ಲಿ ಕಡಿಯಲು ಇಡುವ ಕೊರಡಿಗೆ ಹುಣಸೆಯನ್ನು ಮೀರಿಸಿದ ಮರವಿಲ್ಲ, ಒಳ್ಳೆಯ ಬೆಲೆ. ನಾನು ಆಕಾಶ ನೋಡಿದೆ, ನಾಯಿಯನ್ನು ಮಾತಾಡಿಸಿದೆ, ಕೊನೆಗೆ "ಬೇರೂ ಸೇರಿದರೆ ನೋಡೋಣ" ಅಂದೆ.

"ಬೇರೂ ತಗೊಳ್ಳಿ. ಆದರೆ ಸಾಯಂಕಾಲ ಹುಡುಗರನ್ನೂ ನೀವೇ ತಗೋಬೇಕು. ನಮ್ಮ ಡ್ರಿಲ್ ಮೇಷ್ಟ್ರಿಗೆ ಲೆಫ್ಟು ರೈಟು ಬಿಟ್ಟರೆ ಬೇರೆ ಏನೂ ಬರೋದಿಲ್ಲ" ಅಂದರು.

ಯುದ್ಧದ ಕಾಲದಲ್ಲಿ ಸಿಪಾಯಿಗಳ ಅಡುಗೆಮನೆಗೆ ಸೌದೆ ಹಾಕುತ್ತಿದ್ದಾಗ ಅವರ ಫುಟ್‌ಬಾಲ್ ನೋಡಿ ಕಾನೂನು ಕಲಿತಿದ್ದೆ. ಅಷ್ಟೇ ನನ್ನ ವಿದ್ಯೆ. ಒಪ್ಪಿಕೊಂಡೆ. ಮರದ ಜೊತೆಗೆ ಹನ್ನೊಂದು ಜನ ಹುಡುಗರು ಗಂಟುಬಿದ್ದರು.

ಅವರಲ್ಲಿ ಒಬ್ಬ ನನ್ನ ಗಾಡಿಯವನ ಮಗ. ಅವನಪ್ಪ ಕಡಕೊಳದ ಕಡೆಯಿಂದ ಎತ್ತಿನಗಾಡಿಯಲ್ಲಿ ನಮಗೆ ಸೌದೆ ತರುತ್ತಿದ್ದ. ಹುಡುಗ ಗಿಡ್ಡ, ಆದರೆ ಬಾಣ. ಓದಿನಲ್ಲೂ ಪರವಾಗಿಲ್ಲ. ಫ್ರೀಶಿಪ್ ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ಬೇಸಗೆ ಮುಗಿಯುವುದರೊಳಗೆ ಅಪ್ಪನ ಗಾಡಿ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಅಪ್ಪನಿಗೆ ಇದೆಲ್ಲ ನಗೆಪಾಟಲು.

"ಚೆಂಡು ಒದ್ದವ್ರಿಗೆ ಓದಕ್ಕೆ ಸೀಟಂತಾ ಯಜಮಾನ್ರೇ? ನನ್ನ ಎಡಗಡೆ ಎತ್ತು ಇವ್ನಿಗಿಂತ ಚೆನ್ನಾಗಿ ಒದೀತದೆ. ಅದ್ಕೂ ಕೊಡುಸ್ಬುಡಿ ಮತ್ತೆ!"

ಮರ ಕಡಿಸಿದೆ, ಬೇರು ಕೀಳಿಸಿದೆ, ನೆಲ ಮಟ್ಟ ಮಾಡಿಸಿದೆ. ಮೈದಾನ ಹಸೆಮಣೆಯ ಹಾಗಾಯಿತು. ಹುಡುಗರು ಆಡಲು ಇಳಿದರು. ಗಾಡಿಯವನ ಮಗ ಚೆಂಡು ತಂದು, ಮರವಿದ್ದ ಜಾಗಕ್ಕೆ ಗುರಿಯಿಟ್ಟು ಒದ್ದು, ಇಲ್ಲದ ಮರವನ್ನು ಬಳಸಿಕೊಂಡು ಓಡಿ, ಆ ಕಡೆ ಕಾದು ನಿಂತ. ಚೆಂಡು ಸೀದಾ ಬೀದಿ ದಾಟಿ ಹಪ್ಪಳ ಒಣಗಿಸುತ್ತಿದ್ದ ಅಜ್ಜಿಯ ಚಾಪೆಗೆ ಹೋಗಿ ಕೂತಿತು.

"ಲೋ, ಮರ ಇಲ್ಲ ಕಣೋ!"

"ಗೊತ್ತು ಯಜಮಾನ್ರೇ. ಕಾಲಿಗೆ ಗೊತ್ತಿಲ್ಲ."

ಉಳಿದವರೂ ಹಾಗೇ. ಖಾಲಿ ಜಾಗದ ಹತ್ತಿರ ಬಂದರೆ ಸಾಕು, ಪಕ್ಕಕ್ಕೆ ಸರಿದುಕೊಂಡು ಓಡೋರು. ಒಬ್ಬ ಮಾತ್ರ ಧೈರ್ಯ ಮಾಡಿ ಆ ಜಾಗದ ಮೇಲೇ ಓಡಿದ, ಕಣ್ಣು ಮುಚ್ಚಿಕೊಂಡಿದ್ದ. ಹಪ್ಪಳದ ಅಜ್ಜಿ ದಿನಾ ಬಂದು ನನಗೆ ಸಹಸ್ರನಾಮ ಮಾಡತೊಡಗಿದಳು.

ಕೊನೆಗೆ, ಕಾಲಿಗೆ ಎರಡು ಸುತ್ತು ಗೋಣಿತಾಟು ಕಟ್ಟಿಕೊಂಡು, ಮೇಲೆ ಪಂಚೆ ಇಳಿಬಿಟ್ಟು, ಮರವಿದ್ದ ಜಾಗದಲ್ಲಿ ನಾನೇ ಹೋಗಿ ನಿಂತೆ. ಹುಡುಗ ನನ್ನ ಮೊಣಕಾಲಿಗೆ ಒದ್ದ, ಚೆಂಡು ಪುಟಿಯಿತು, ಗೋಲು. ಎಲ್ಲರೂ ಹೋ ಅಂದರು. ಮಾರನೆಯ ದಿನ ಒಂದು ಮಾರು ಆಚೆ ನಿಂತೆ, ಅದರ ಮಾರನೆಯ ದಿನ ಇನ್ನಷ್ಟು ಆಚೆ. ಕೆಟ್ಟ ಚಾಳಿಯನ್ನು ಒಂದೇ ಸಲಕ್ಕೆ ಬಿಡಿಸಲು ಹೋಗಬೇಡಿ, ಸ್ವಲ್ಪಸ್ವಲ್ಪವೇ ಜಾಗ ಬದಲಾಯಿಸಿ. ನಿಮ್ಮ ಮಕ್ಕಳಿಗೂ ಇದೇ ಮಾತು.

ಆದರೆ ಚಾಳಿ ಬಿಡುವ ಮೊದಲೇ ಕಾಲೇಜಿನ ಪಂದ್ಯದ ದಿನ ಬಂತು. ನಾನು ಮೊದಲೇ ಹೋಗಿ ಅಲ್ಲಿನ ಫಿಸಿಕಲ್ ಡೈರೆಕ್ಟರನ್ನು ಕಂಡೆ. ಇಸ್ತ್ರಿ ಮಾಡಿದ ಚಡ್ಡಿ, ಚೂಪು ಮೀಸೆ.

"ಸಾರ್, ನಿಮ್ಮ ಲೆಕ್ಚರರ್ ರೆಫರಿಯಾದರೆ ನಮ್ಮೋರು ಪಕ್ಷಪಾತ ಅಂತಾರೆ. ನಮ್ಮ ಮೇಷ್ಟ್ರಾದರೆ ನಿಮ್ಮೋರು ಅಂತಾರೆ. ನಿಮ್ಮ ಹಾಸ್ಟೆಲ್ಲಿಗೂ ನಮ್ಮ ಮೇಷ್ಟ್ರುಗಳ ಮನೆಗೂ ನಾನೇ ಸೌದೆ ಹಾಕೋದು. ನನಗಿಂತ ನಿಷ್ಪಕ್ಷಪಾತಿ ಮೈಸೂರಲ್ಲಿ ಸಿಕ್ಕೋದಿಲ್ಲ."

ಅವರು ಕೊರಳಿನ ಸೀಟಿ ಬಿಚ್ಚಿ ಕೊಟ್ಟರು.

ನಾನು ಮೈದಾನದ ನಡುವೆ ಹೋಗಿ ನಿಂತವನು ಅಲ್ಲಾಡಲಿಲ್ಲ. ಹುಡುಗ ಬಂದ, ನನ್ನ ಕಾಲಿಗೆ ಒದ್ದ, ಸುತ್ತಿ ಓಡಿದ, ಗೋಲು. ಸೀಟಿ ಊದಿದವನೂ ನಾನೇ. ಇನ್ನೊಂದು ಸಲ ಹಾಗೇ ಆಯಿತು. ಅರ್ಧ ಆಟ ಮುಗಿಯುತ್ತಲೇ ಡೈರೆಕ್ಟರು ದಾಪುಗಾಲು ಹಾಕಿಕೊಂಡು ಬಂದರು.

"ಸ್ವಾಮೀ, ನೀವು ರೆಫರಿಯೋ, ಅವರ ಟೀಮಿನವರೋ?"

"ಕಾನೂನು ನೋಡಿ ಸಾರ್. ರೆಫರಿಗೆ ತಗುಲಿದ ಚೆಂಡು ಆಟದಲ್ಲೇ ಇದ್ದ ಹಾಗೆ."

"ತಗುಲೋದು ಬೇರೆ ಕಣ್ರೀ! ನೀವು ಮಂಡಿ ಓರೆಮಾಡಿ ಪಾಸ್ ಕೊಡ್ತಾ ಇದ್ದೀರಿ! ಅದೇನ್ರೀ ಪಂಚೆಯೊಳಗೆ, ಹುಲ್ಲಿನ ಮೂಟೆ ಕಟ್ಟಿದ ಹಾಗೆ?"

ಸೀಟಿ ಕಿತ್ತುಕೊಂಡು, ನನ್ನನ್ನು ಗೆರೆಯಾಚೆ ಕಳಿಸಿ, ತಾವೇ ರೆಫರಿಯಾದರು. ಅಲ್ಲಿ ಗಾಡಿಯವನು ಹಾಸ್ಟೆಲ್ಲಿನ ಸೌದೆ ಇಳಿಸದೆ ಗಾಡಿ ನಿಲ್ಲಿಸಿಕೊಂಡು ಆಟ ನೋಡುತ್ತಿದ್ದ. ಮಗ ಅಭ್ಯಾಸಬಲದಿಂದ ನಡುವಿಗೆ ಒದ್ದ. ಚೆಂಡು ಎಲ್ಲಿಗೋ ಹೋಯಿತು. ಇನ್ನೊಮ್ಮೆ ಒದ್ದ, ಹಾಗೇ ಆಯಿತು. ಕಾಲೇಜಿನವರು ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಾರುಗೋಲನ್ನು ನೋಡಿಕೊಂಡ. ಆ ಬಾರುಗೋಲು ಇನ್ನು ಯಾರ ಕೈಗೆ ಹೋಗುತ್ತದೆ ಅಂತ ನನಗೂ ಹೊಳೆಯಿತು.

ಆಗ ಕಂಡಿತು. ಕಾಲೇಜು ಟೀಮಿನ ನಡುವೆ ಒಬ್ಬ ದಾಂಡಿಗ ಬೂಟು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಗಟ್ಟಿಯಾಗಿ ನಿಂತುಬಿಟ್ಟಿದ್ದ. ಬರಿಗಾಲಿನ ಹುಡುಗರನ್ನು ತಡೆಯೋದಕ್ಕೆ ಓಡೋದು ಯಾಕೆ ಅಂತ ಅವನ ಲೆಕ್ಕ. ಮರ ಗುರುತಿಸುವ ಕಣ್ಣು ನನ್ನದು. ಕೂಗಿದೆ:

"ಲೋ! ಹುಣಸೆಮರ ಬೂಟು ಹಾಕ್ಕೊಂಡು ನಿಂತಿದೆ ನೋಡೋ!"

ಹುಡುಗ ನೋಡಿದ. ದಾಂಡಿಗನ ಮೊಣಕಾಲಿಗೆ ಬೀಸಿ ಒದ್ದ. ಚೆಂಡು ಪುಟಿಯಿತು, ಇವನು ಆ ಪಕ್ಕದಿಂದ ನುಗ್ಗಿದ, ಗೋಲು. ಮುಂದಿನ ಸಲವೂ ಅದೇ. ಮೂರನೆಯ ಸಲ ಇವನು ಬರುವುದನ್ನು ಕಂಡ ದಾಂಡಿಗ ಕಾಲು ಎತ್ತಿಕೊಂಡು ಪಕ್ಕಕ್ಕೆ ಹಾರಿದ. ಮರವೇ ದಾರಿ ಬಿಟ್ಟಿತು. ನಡುವೆ ಬಂಡಿ ಹೋಗುವಷ್ಟು ಜಾಗ. ಹುಡುಗ ಮೊದಲ ಸಲ ಯಾವುದಕ್ಕೂ ಒದೆಯದೆ, ಯಾವುದನ್ನೂ ಸುತ್ತದೆ, ನೆಟ್ಟಗೆ ಓಡಿದ.

ಆ ಹೊತ್ತಿಗೆ ಕಾಲೇಜಿನವರೂ ಬೇಕಾದಷ್ಟು ಗೋಲು ಹೊಡೆದಿದ್ದರು, ಕೊನೆಗೆ ಅವರೇ ಗೆದ್ದರು. ಆದರೂ ಡೈರೆಕ್ಟರು ಬೆವರು ಒರೆಸಿಕೊಳ್ಳುತ್ತ ಬಂದು, "ಈ ಹುಡುಗ ನಮಗೆ ಬೇಕು, ಫ್ರೀಶಿಪ್ ಕೊಡಿಸ್ತೀನಿ. ಒಂದೇ ಷರತ್ತು. ನೀವು ಈ ಮೈದಾನಕ್ಕೆ ಕಾಲಿಡಬಾರದು" ಅಂದರು.

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಆದರೂ ಆಕಾಶ ನೋಡಿದೆ. ಕಾಲೇಜಿನ ಕಟ್ಟಡ ನೋಡಿದೆ.

"ಕಷ್ಟ ಸಾರ್. ಆಟ ಅಂದರೆ ನನಗೆ ಪ್ರಾಣ. ಹುಡುಗನಿಗೆ ಹಾಸ್ಟೆಲ್ ಊಟವೂ ಸೇರಿದರೆ, ಹೇಗೋ ಮನಸ್ಸು ಗಟ್ಟಿ ಮಾಡ್ಕೋತೀನಿ."

ಅವರು ನನ್ನ ಮಂಡಿಯನ್ನೇ ಒಂದು ಗಳಿಗೆ ದಿಟ್ಟಿಸಿ, "ಆಗಲಿ" ಅಂದರು. ಜೀವಮಾನದಲ್ಲಿ ಸರಕೇ ಇಲ್ಲದೆ ನಾನು ಮಾಡಿದ ವ್ಯಾಪಾರ ಅದೊಂದೇ.

ಗಾಡಿಯವನು ಸೌದೆ ಇಳಿಸಿ, ನನ್ನನ್ನೂ ಹತ್ತಿಸಿಕೊಂಡು ವಾಪಸು ಹೊರಟ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ, ಬಾರುಗೋಲನ್ನು ಮಾತ್ರ ಅವನ ಕೈಗೆ ಸಿಗದ ಹಾಗೆ ಇನ್ನೊಂದು ಬದಿಗೆ ಇಟ್ಟುಕೊಂಡಿದ್ದ. ಡಿಪೋ ಹತ್ತಿರ ಬಂದಾಗ ಎತ್ತುಗಳನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಯಜಮಾನ್ರೇ, ಎಂಗೂ ಮಾತಾಡಿದ್ರಿ. ಆ ಎಡಗಡೆ ಎತ್ತಿನ ವಿಸ್ಯಾನೂ ಒಂದು ಮಾತು ಆಕ್ಬುಡ್ಬೋದಿತ್ತು."