ಬೀಗ ಹಾಕಿದ ಮನೆಯ ಮಗ್ಗ

ದೆವ್ವ ಕಂಡೆ, ಭೂತ ಕಂಡೆ ಎನ್ನುವವರ ಮಾತನ್ನು ನಾನು ಯಾವತ್ತೂ ಪೂರ್ತಿ ಕೇಳಿದವಳಲ್ಲ. ಅರ್ಧಕ್ಕೇ ನಗು ಬಂದುಬಿಡುತ್ತಿತ್ತು. ನಮ್ಮತ್ತೆ ಹಿತ್ತಲ ಹುಣಸೆಮರದ ಕಡೆ ಕೈ ತೋರಿಸಿ ಏನೋ ಹೇಳಲು ಶುರುಮಾಡಿದರೆ, "ಅತ್ತೆ, ಆ ಮರದಲ್ಲಿರೋದು ಕೆಂಪಿರುವೆ, ಇನ್ನೇನೂ ಇಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನಿಮಗೆ ನಗು ಬಂದರೆ ನಗಿ, ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಮುಂದೆ ಹಜಾರದಲ್ಲಿ ಮಗ್ಗ, ಹಿಂದೆ ಅಡುಗೆಮನೆ ಮತ್ತು ಮಲಗುವ ಕೋಣೆ. ಬೆಳಗಾದರೆ ಕರೆಂಟಿನ ಮಗ್ಗಗಳ ಟಕಾಟಕ್ ಶುರುವಾಗುತ್ತದೆ. ಹೊಸದಾಗಿ ಬಂದ ನೆಂಟರು ಈ ಗಲಾಟೆಯಲ್ಲಿ ಹೇಗೆ ಬದುಕುತ್ತೀರಿ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಸದ್ದು ನಿಂತರೇ ಗಾಬರಿ. ಯಾರ ಮನೆಯಲ್ಲಿ ಎಳೆ ಕಡಿಯಿತು, ಯಾರು ಊಟಕ್ಕೆ ಎದ್ದರು ಎಂಬುದೆಲ್ಲ ಅವರವರ ಮಗ್ಗದ ಸದ್ದಿನಿಂದಲೇ ಬೀದಿಗೆಲ್ಲ ಗೊತ್ತಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಮನೆಗಳ್ಳತನ ಶುರುವಾಯಿತು. ಮೊದಲು ಹಿಂದಿನ ಬೀದಿಯಲ್ಲಿ, ಆಮೇಲೆ ರೈಲ್ವೆ ಸ್ಟೇಷನ್ ಕಡೆ, ಕೊನೆಗೆ ನಮ್ಮದೇ ಬೀದಿಯ ಮೂಲೆ ಮನೆಯಲ್ಲಿ. ಮದುವೆಗೋ ದೇವಸ್ಥಾನಕ್ಕೋ ಎಂದು ಬೀಗ ಹಾಕಿಕೊಂಡು ಹೋದವರ ಮನೆಗಳೇ ಎಲ್ಲವೂ. ಒಂದು ಭಾನುವಾರ ಬೀದಿಯವರೆಲ್ಲ ಸೇರಿದೆವು. ಕ್ಯಾಮೆರಾ ಹಾಕಿಸೋಣ ಎಂದರು ಒಬ್ಬರು, ಗೂರ್ಖನನ್ನು ಇಡೋಣ ಎಂದರು ಇನ್ನೊಬ್ಬರು. ನಮ್ಮ ಎದುರುಮನೆಯ ಮುನಿರಾಜು ಮಾತ್ರ ತಲೆ ಕೆರೆದುಕೊಂಡು, "ಕಳ್ಳ ನೋಡ್ಕೊಂಡ್ ಬರ್ತಾ ಇಲ್ಲ ಗುರು, ಕೇಳಿಸ್ಕೊಂಡ್ ಬರ್ತಾವ್ನೆ. ಮಗ್ಗ ನಿಂತೈತೆ ಅಂದ್ರೆ ಮನೇಲಿ ಯಾರೂ ಇಲ್ಲ ಅಂತ ಅವ್ನಿಗೆ ಗೊತ್ತಾಯ್ತದೆ" ಎಂದ.

ಎಲ್ಲರಿಗೂ ಹೌದಲ್ಲ ಅನ್ನಿಸಿತು. ಅವತ್ತಿನಿಂದ ಒಂದು ಪದ್ಧತಿ ಶುರುವಾಯಿತು. ಊರಿಗೆ ಹೋಗುವವರು ಬೀಗದ ಕೈಯನ್ನು ಪಕ್ಕದವರಿಗೆ ಕೊಡಬೇಕು. ಪಕ್ಕದವರು ದಿನವೂ ಹೋಗಿ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಅವರ ಮಗ್ಗ ಓಡಿಸಬೇಕು. ಇದರಿಂದ ಜಗಳಗಳೂ ಆದವು ಅನ್ನಿ. ಮುನಿರಾಜು ಒಬ್ಬರ ಮಗ್ಗದಲ್ಲಿ ಕೂತು ಅಂಚನ್ನು ಎಷ್ಟು ಕೆಡಿಸಿಟ್ಟಿದ್ದನೆಂದರೆ, ಊರಿಂದ ಬಂದ ಮನೆಯವರು ಸೀರೆ ನೋಡಿ, "ಇದರ ಬದ್ಲು ಕಳ್ಳನೇ ಬಂದಿದ್ರೆ ವಾಸಿಯಾಗಿತ್ತು ಕಣಪ್ಪಾ" ಎಂದುಬಿಟ್ಟರು. ಏನೇ ಆದರೂ ನಮ್ಮ ಬೀದಿಯಲ್ಲಿ ಮತ್ತೆ ಕಳ್ಳತನ ಆಗಲಿಲ್ಲ.

ಪಕ್ಕದ ಮನೆಯ ನಾಗರತ್ನ ನನ್ನ ಓರಗೆಯವಳು. ಅವಳ ಗಂಡ ಗೋಪಾಲಣ್ಣ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಆಗಲೇ ಎರಡು ವರ್ಷವಾಗಿತ್ತು. ಅವರ ಮಗ್ಗವನ್ನು ಅವಳೇ ಓಡಿಸಿಕೊಂಡು ಮನೆ ನಡೆಸುತ್ತಿದ್ದಳು. ಮಗಳಿಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಹಿಂದೂಪುರದಲ್ಲಿದ್ದ ನಾಗರತ್ನನ ತಮ್ಮನಿಗೆ ಅಪಘಾತವಾಗಿ, ತಾಯಿ ಮಗಳಿಬ್ಬರೂ ಇದ್ದಕ್ಕಿದ್ದಂತೆ ಹೊರಡಬೇಕಾಯಿತು. ಗೋಪಾಲಣ್ಣ ಹೊಟ್ಟೆಬಟ್ಟೆ ಕಟ್ಟಿ ಮಗಳಿಗೆಂದು ಒಂದೊಂದೇ ಮಾಡಿಸಿಟ್ಟಿದ್ದ ಒಡವೆಗಳು ಅಡುಗೆಮನೆಯ ರಾಗಿಹಿಟ್ಟಿನ ಡಬ್ಬದಲ್ಲಿದ್ದವು. ರೈಲಿನಲ್ಲಿ ಹೊತ್ತುಕೊಂಡು ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಮಗ್ಗ ನಿಲ್ಲಿಸ್ಬೇಡ ಕಣೇ. ಅದಿಷ್ಟು ಹೋದ್ರೆ ಮದ್ವೆ ನಿಂತ್ಹೋಗುತ್ತೆ" ಎಂದಳು. ನಾನು ದಿನಾ ತಪ್ಪದೆ ಓಡಿಸಿದೆ.

ಒಂದು ದಿನ ಅತ್ತೆಯ ಕಣ್ಣು ತೋರಿಸಲು ನಾವು ಗಂಡ ಹೆಂಡತಿ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಯಿತು. ಮಧ್ಯಾಹ್ನಕ್ಕೆ ವಾಪಸಾಗುತ್ತೇವೆ ಎಂದುಕೊಂಡಿದ್ದೆವು. ಆಸ್ಪತ್ರೆಯಲ್ಲೇ ಸಂಜೆಯಾಯಿತು. ಯಲಹಂಕ ದಾಟುವ ಹೊತ್ತಿಗೆ ಕತ್ತಲಾಗಿತ್ತು, ಬಸ್ಸು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಬೆಳಗಿನಿಂದ ನಾಗರತ್ನನ ಮನೆಯಿಂದ ಒಂದು ಸದ್ದೂ ಬಂದಿಲ್ಲವಲ್ಲ ಎಂದು ನೆನಪಾಯಿತು. ಮುನಿರಾಜುಗೆ ಫೋನ್ ಮಾಡಿ, ಆ ಮನೆಯ ಕಡೆ ಸ್ವಲ್ಪ ಕಣ್ಣಿಡು ಎಂದೆ.

"ಯಾಕಕ್ಕಾ ಗಾಬರಿ? ಆಗ್ಲೇ ಅವ್ರ ಮಗ್ಗ ಹಾಕಿದ್ದೀಯಲ್ಲ. ಇಡೀ ಬೀದಿ ಸುಮ್ನಿದ್ರೂ ಅದೊಂದೇ ಓಡ್ತಾ ಐತೆ" ಎಂದು ಅವನು ನಕ್ಕ.

"ನಾನೆಲ್ಲಿ ಹಾಕ್ಲೋ? ನಾನಿನ್ನೂ ಬಸ್ಸಲ್ಲಿದ್ದೀನಿ, ರಾಜಾನುಕುಂಟೇನೂ ಬಂದಿಲ್ಲ."

"ಬೀಗದ ಕೈ ಯಾರಿಗ್ ಕೊಟ್ಟಿದ್ದೀಯ?"

"ನನ್ ಬ್ಯಾಗಲ್ಲೇ ಐತೆ."

ಫೋನಿನಲ್ಲಿ ದೂರದಿಂದ ಬರುವ ಮಗ್ಗದ ಸದ್ದು ನನಗೂ ಕೇಳಿಸುತ್ತಿತ್ತು. ಆಮೇಲೆ ಅವನು ತಗ್ಗಿದ ದನಿಯಲ್ಲಿ, "ಅಕ್ಕಾ, ಇಲ್ಲಿ ಕರೆಂಟಿಲ್ಲ ಕಣಕ್ಕಾ. ಹೋಗಿ ಆಗ್ಲೇ ಎಷ್ಟೋ ಹೊತ್ತಾಯ್ತು" ಎಂದ.

ಬಸ್ಸಿಳಿದವಳೇ ಅತ್ತೆಯನ್ನು ಯಜಮಾನರಿಗೆ ಒಪ್ಪಿಸಿ ಆಟೋ ಹಿಡಿದೆ. ಬೀದಿಯಲ್ಲಿ ಕಗ್ಗತ್ತಲು. ನಾಗರತ್ನನ ಮನೆ ಮುಂದೆ ಹತ್ತಾರು ಜನ ಮೊಬೈಲ್ ಬೆಳಕು ಹಿಡಿದು, ದೊಣ್ಣೆ ಹಿಡಿದು ನಿಂತಿದ್ದರು. ಬಾಗಿಲಿಗೆ ಬೀಗ ಹಾಗೇ ಇತ್ತು. ಒಳಗೆ ಮಗ್ಗ ಓಡುತ್ತಿತ್ತು.

ಆ ಸದ್ದನ್ನು ನಾನು ನಿಂತು ಕೇಳಿದೆ. ಗೋಪಾಲಣ್ಣ ಇದ್ದಾಗ ಅವರ ಮಗ್ಗದಲ್ಲಿ ಒಂದು ಮರದ ತುಂಡು ಸವೆದುಹೋಗಿತ್ತು. ನೂಲು ಒಯ್ಯುವ ಲಾಳಿ ಆ ಕಡೆ ಹೋಗುವಾಗ ಒಂದು ಹೊಡೆತ, ಈ ಕಡೆ ಬರುವಾಗ ಎರಡು ಹೊಡೆತ ಬೀಳುತ್ತಿತ್ತು. ರಿಪೇರಿ ಮಾಡಿಸಿ ಎಂದರೆ, ನನ್ನ ಮಗ್ಗ ನನಗೆ ಗೊತ್ತಾಗಬೇಡವೇ ಎಂದು ನಗುತ್ತಿದ್ದರು. ಅವರು ಹೋದ ಮೇಲೆ ನಾಗರತ್ನ ಆ ತುಂಡು ಬದಲಾಯಿಸಿದ್ದಳು. ಎರಡನೇ ಹೊಡೆತ ಅಲ್ಲಿಗೆ ನಿಂತಿತ್ತು. ನಾನು ದಿನಾ ಓಡಿಸುವಾಗಲೂ ಅದಿರಲಿಲ್ಲ. ಈಗ ಕೇಳಿಸುತ್ತಿತ್ತು. ಒಂದು, ಎರಡು. ಒಂದು, ಎರಡು. ಸುತ್ತ ನಿಂತವರೆಲ್ಲ ನೇಕಾರರೇ, ಎಲ್ಲರಿಗೂ ಗುರುತು ಸಿಕ್ಕಿತ್ತು. ನನಗೆ ಹೆದರಿಕೆಯಾಗಲಿಲ್ಲ, ಯಾಕೋ ಅಳು ಬಂತು.

ಬೀಗದ ಕೈ ಹಾಕಿ ತಿರುಗಿಸಿದೆ. ಹಿಡಿ ಎಳೆದರೆ ಮಗ್ಗ ಹೇಗೆ ನಿಲ್ಲುತ್ತದೋ ಹಾಗೆ ಸದ್ದು ನಿಂತಿತು. ಒಳಗೆ ಯಾರೂ ಇರಲಿಲ್ಲ. ಮೋಟರ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಹಿಂದಿನ ಸಂಜೆ ನಾನು ಸೀರೆಯ ಒಂದು ಬುಟ್ಟಾ ಹೂವನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದೆ. ಸೀರೆ ಅಲ್ಲೇ ನಿಂತಿತ್ತು, ಒಂದೆಳೆಯೂ ಹೆಚ್ಚಾಗಿರಲಿಲ್ಲ. ಮುನಿರಾಜು ಅಡುಗೆಮನೆಯಿಂದ ಕೂಗಿದ. ಹಿತ್ತಲ ಕಿಟಕಿಯ ಸರಳುಗಳಲ್ಲಿ ಒಂದನ್ನು ಪೂರ್ತಿ ಕೊಯ್ದಿದ್ದರು, ಇನ್ನೊಂದನ್ನು ಅರ್ಧ. ಗರಗಸದ ಬ್ಲೇಡು ಹೊರಗೆ ನೆಲದ ಮೇಲೆ ಬಿದ್ದಿತ್ತು. ರಾಗಿಹಿಟ್ಟಿನ ಡಬ್ಬದಲ್ಲಿ ಒಡವೆ ಹಾಗೇ ಇದ್ದವು.

ಬೆಳಗ್ಗೆ ಬಂದ ಪೊಲೀಸರು, ಸದ್ದಿಗೆ ಹೆದರಿ ಓಡಿಹೋಗಿದ್ದಾರೆ ಎಂದು ಬರೆದುಕೊಂಡರು. ಯಾವ ಸದ್ದು ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹಿಂದಿನ ಬೀದಿಯಲ್ಲಿ ಯಾರಾದರೂ ಜನರೇಟರ್ ಹಾಕಿ ಮಗ್ಗ ಓಡಿಸಿದರೋ ಎಂದು ನಾನೇ ಮನೆಮನೆಗೂ ಹೋಗಿ ವಿಚಾರಿಸಿದೆ. ಯಾರೂ ಓಡಿಸಿರಲಿಲ್ಲ. ಎಲ್ಲರಿಗೂ ಒಟ್ಟಿಗೇ ಭ್ರಮೆಯಾಯಿತು ಎನ್ನೋಣವೆಂದರೆ, ಬಸ್ಸಿನಲ್ಲಿದ್ದ ನನಗೂ ಫೋನಿನಲ್ಲಿ ಕೇಳಿಸಿತಲ್ಲ?

ನಾಗರತ್ನ ಬಂದಾಗ ಕಿಟಕಿಯ ವಿಷಯ ಮಾತ್ರ ಹೇಳಿದ್ದೆ. ಮುನಿರಾಜುಗೆ ಬಾಯಿ ನಿಲ್ಲುವುದಿಲ್ಲ, ಉಳಿದದ್ದನ್ನೂ ಹೇಳಿಬಿಟ್ಟ. ಅವಳು ನನ್ನ ಹತ್ತಿರ ಬಂದು, "ಹೆಂಗೆ ಕೇಳಿಸ್ತು? ಹೇಳೇ" ಎಂದಳು. ನಾನು ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದೆ. ಒಂದು, ಎರಡು. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಕೆಂಪಗಾಯಿತು.

"ಎರಡು ವರ್ಷದಿಂದ ದಿನಾ ಕಾದಿದ್ದೀನಿ ಕಣೇ. ಮನೇಲಿ ನಾನಿದ್ದಾಗ ಒಂದಿನಾನೂ ಬರ್ಲಿಲ್ಲ. ಬೀಗ ಹಾಕ್ಕೊಂಡ್ ಹೋದ್ಮೇಲೆ ಬಂದ್ರಾ?" ಎಂದು ಅತ್ತಳು.

ಮಗಳ ಮದುವೆ ಆ ಒಡವೆಯಲ್ಲೇ ಚೆನ್ನಾಗಿ ನಡೆಯಿತು. ಕಳ್ಳತನಗಳೂ ನಿಂತುಹೋಗಿ ಈಗ ಯಾರೂ ಯಾರ ಮಗ್ಗವನ್ನೂ ಓಡಿಸುವುದಿಲ್ಲ. ಆದರೆ ಸಂಜೆ ಹೊತ್ತು ಕರೆಂಟ್ ಹೋದರೆ ನಾಗರತ್ನ ಮನೆಗೆ ಬೀಗ ಹಾಕಿಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕೂರುತ್ತಾಳೆ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಇಬ್ಬರೂ ಅವಳ ಮನೆಯ ಕಡೆ ಕಿವಿಗೊಟ್ಟಿರುತ್ತೇವೆ. ಇಲ್ಲಿಯವರೆಗೆ ಏನೂ ಕೇಳಿಸಿಲ್ಲ. ಕರೆಂಟ್ ಬಂದು ಬೀದಿಯ ಮಗ್ಗಗಳೆಲ್ಲ ಶುರುವಾದ ಮೇಲೆ ಅವಳು ಎದ್ದು ಹೋಗಿ ಬೀಗ ತೆಗೆಯುತ್ತಾಳೆ.